ಏಳನೇ ನಂಬರ್ ಗಾಡಿಯ ಸದ್ದು

ಗೊತ್ತಿತ್ತು. ಗೊತ್ತಿಲ್ಲದೆ ಇರುವುದು ಹೇಗೆ ಸಾಧ್ಯ ಎಂದುಕೊಳ್ಳುತ್ತ ಮುರಳಿಮೋಹನ್ ಚಟ್ಟದ ಎರಡನೇ ಅಡ್ಡಬಿದಿರಿಗೆ ಹಗ್ಗ ಸುತ್ತಿದ. ಗೊತ್ತಿಲ್ಲದಿದ್ದರೆ, ಕೆಲಸ ಬಿಟ್ಟು ಹೋಗುವ ದಿನ ಚಿಕ್ಕಪ್ಪ ವಾಲ್ವಿನ ಸಂದು ಅಳೆಯುವ ಆ ಫಿಲ್ಲರ್ ಗೇಜನ್ನು ಹುಡುಕಿ ತನ್ನ ಕೈಗೇ ಯಾಕೆ ಕೊಡುತ್ತಿದ್ದರು? ಕೊಟ್ಟು, ‘ತಣ್ಣಗಾದ ಮೇಲೆ ನೋಡಪ್ಪ’ ಎಂದು ಯಾಕೆ ಅನ್ನುತ್ತಿದ್ದರು? ಆದರೆ ಆ ಮಾತನ್ನು ಅವರು ಹದಿನೆಂಟು ವರ್ಷದಿಂದ ದಿನಕ್ಕೆರಡು ಸಲ ಹೇಳಿಕೊಂಡೇ ಬಂದಿದ್ದರು. ಅವತ್ತು ಹೇಳಿದ್ದರಲ್ಲಿ ಬೇರೆ ಅರ್ಥವೇನೂ ಇರಲಿಲ್ಲವೇನೋ. ಇಲ್ಲ, ಇತ್ತು. ಇಲ್ಲದಿದ್ದರೆ ಅಷ್ಟು ಹೊತ್ತು ಮುಖ ನೋಡುತ್ತಿರಲಿಲ್ಲ.

ಮೂರು ವರ್ಷದಿಂದ ಅವನು ಇದನ್ನೇ ಹಿಂದೆ ಮುಂದೆ ಮಾಡಿ ನೋಡುತ್ತಿದ್ದ. ಇವತ್ತಿಗೆ ಕೇಳಿ ತಿಳಿದುಕೊಳ್ಳುವ ದಾರಿಯೂ ಮುಚ್ಚಿಹೋಗಿತ್ತು. ಮೇಲೂರಿನ ಆ ಹೆಂಚಿನ ಮನೆಯ ನಡುಮನೆಯಲ್ಲಿ ಅವನ ಚಿಕ್ಕಪ್ಪ, ಮೆಕ್ಯಾನಿಕ್ ರಾಮಾಂಜಿನಪ್ಪನವರನ್ನು ಚಾಪೆಯ ಮೇಲೆ ಮಲಗಿಸಿ ತಲೆಯ ಹತ್ತಿರ ದೀಪ ಇಟ್ಟಿದ್ದರು.

“ಏಮಪ್ಪಾ ಮೆಕ್ಯಾನಿಕ್, ಹಗ್ಗಾನೂ ನಟ್ಟು ಬೋಲ್ಟು ಅಂದ್ಕೊಂಡ್ಯಾ? ಅಷ್ಟು ಬಿಗೀಬೇಡ, ಬಿದಿರು ಸೀಳ್ತೈತೆ,” ಎಂದರು ವೆಂಕಟರವಣಪ್ಪ. ಸತ್ತವರ ಅಣ್ಣ. ಎಪ್ಪತ್ತು ದಾಟಿತ್ತು. ಬೆಳಿಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕದೆ, ಬಂದವರನ್ನೆಲ್ಲ ರೇಗಿಸುತ್ತ ಅಂಗಳದಲ್ಲೇ ಓಡಾಡುತ್ತಿದ್ದರು. ಬೀದಿಯಲ್ಲಿ ತಮಟೆಯವರು ಬೆಂಕಿ ಹಾಕಿ ಚರ್ಮ ಕಾಯಿಸುತ್ತಿದ್ದುದನ್ನು ನೋಡಿ, “ಚೆನ್ನಾಗಿ ಕಾಯಿಸ್ರಪ್ಪ. ಮೆಲ್ಲಗೆ ಹೊಡೆದ್ರೆ ನನ್ನ ತಮ್ಮಂಗೆ ಕೇಳ್ಸಲ್ಲ,” ಎಂದರು.

ಕೆಲವರು ನಕ್ಕರು. ಮುರಳಿ ಗಂಟು ಹಾಕುವುದರಲ್ಲಿ ತಲೆ ಬಗ್ಗಿಸಿದ.

ಪಕ್ಕದ ಮನೆಯ ನರಸಿಂಹಪ್ಪ ಇನ್ನೊಂದು ತುದಿ ಹಿಡಿದು ಕೂತಿದ್ದ. ಹಿಪ್ಪುನೇರಳೆ ತೋಟ, ಒಂದು ಹಳೆಯ ಟಿಲ್ಲರ್ ಇದ್ದ ರೈತ. “ಕಿವಿ ಇದ್ದಾಗ ಆ ಯಪ್ಪನಂಗೆ ಇಂಜಿನ್ ನೋಡೋರು ಈ ತಾಲೂಕಲ್ಲೇ ಇರ್ಲಿಲ್ಲ,” ಎಂದ. “ನನ್ನ ಟಿಲ್ಲರ್ ಸದ್ದು ತೋಟದಿಂದ ಬಂದ್ರೆ ಸಾಕು, ಮನೆಯಲ್ಲಿ ಊಟಕ್ಕೆ ಕೂತಿದ್ದೋರು ‘ನರಸಿಂಹನ ವಾಲ್ವು ಲೂಜಾಗೈತೆ’ ಅನ್ನೋರಂತೆ. ಆ ಪಾರ್ಕಿನ ಕೆಲಸ ಬಿಟ್ಟು ಬಂದ್ಮೇಲೆ ನೋಡು, ಬಾಗ್ಲಿಗೇ ಟಿಲ್ಲರ್ ತಂದು ನಿಲ್ಲಿಸಿದ್ರೂ ಕೈ ಮುಟ್ಲಿಲ್ಲ. ‘ನನ್ನ ನಂಬ್ಬೇಡ ನರಸಿಂಹ, ಬೇರೆ ಯಾರಿಗಾದ್ರೂ ತೋರ್ಸು’ ಅಂದ್ಬಿಟ್ರು.”

“ಹಂಗಂದ್ರಾ?” ಎಂದ ಮುರಳಿ.

“ಹ್ಞೂ ಕಣಪ್ಪ. ಒಂದ್ಸಲ ಅಲ್ಲ, ಮೂರು ಸಲ.”

ಮುರಳಿಗೆ ಆ ಮಾತು ಒಳಗೆಲ್ಲೋ ತಗುಲಿ ನಿಂತಿತು. ಗೊತ್ತಿದ್ದವರು ಹಾಗೆ ಅನ್ನುತ್ತಾರೆಯೇ? ತಪ್ಪು ತನ್ನದಲ್ಲ ಎಂದು ತಿಳಿದಿದ್ದರೆ, ತನ್ನನ್ನು ನಂಬಬೇಡ ಎಂದು ಯಾರಾದರೂ ಹೇಳುತ್ತಾರೆಯೇ? ವಯಸ್ಸಾಗಿತ್ತು, ಬೇಸರವಾಗಿತ್ತು, ಕೈ ಮಸಿ ಮಾಡಿಕೊಳ್ಳಲು ಮನಸ್ಸಿರಲಿಲ್ಲ, ಅದಕ್ಕೇ ಹಾಗೆ ಹೇಳಿ ಕಳಿಸಿರಬೇಕು ಎಂದುಕೊಂಡ.

ಅಷ್ಟರಲ್ಲಿ ಒಳಗಿಂದ ಹರಿತಾ ಬಂದಳು. ರಾಮಾಂಜಿನಪ್ಪನವರಿಗೆ ಇದ್ದವಳು ಅವಳೊಬ್ಬಳೇ ಮಗಳು. ಚಿಂತಾಮಣಿಯಲ್ಲಿ ನರ್ಸ್. ಅತ್ತು ಅತ್ತು ಮುಖ ಊದಿಕೊಂಡಿತ್ತು, ಆದರೆ ದನಿ ಡ್ಯೂಟಿಯಲ್ಲಿದ್ದವಳ ಹಾಗೆ ಸ್ಥಿರವಾಗಿತ್ತು.

“ಮುರಳಣ್ಣ, ಅಮ್ಮ ಹೇಳಿ ಕಳಿಸಿದ್ಳು. ಮಡಕೆ ನೀನೇ ಹೊರ್ಬೇಕಂತೆ.”

ಮುರಳಿಯ ಕೈ ಹಗ್ಗದ ಮೇಲೆ ನಿಂತಿತು.

ಮುರಳಿ ರಾಮಾಂಜಿನಪ್ಪನವರ ಹೆಂಡತಿ ಆದಿಲಕ್ಷ್ಮಮ್ಮನ ಅಕ್ಕನ ಮಗ. ಗಂಡುಮಗನಿಲ್ಲದ ಮನೆಯಲ್ಲಿ ಮಗನ ಜಾಗದಲ್ಲಿ ನಿಲ್ಲಲು ಅವನಿಗೆ ಹಕ್ಕಿತ್ತು. ಆದರೂ ಸತ್ತವರ ಅಣ್ಣನೇ ಎದುರಿಗಿದ್ದರು. ಅವನು ಅವರ ಕಡೆ ನೋಡಿದ. “ದೊಡ್ಡಪ್ಪನವರು ಇದಾರಲ್ಲ ಹರಿತಾ. ಅವರು ಮಾಡೋದೇ ಸರಿ.”

“ನಾನೇನು ಬೇಡ ಅನ್ನಲ್ಲಪ್ಪ,” ಎಂದರು ವೆಂಕಟರವಣಪ್ಪ. “ಮಂಡಿ ನೋವು. ಮಡಕೆ ಹೊತ್ಕೊಂಡು ಮೂರು ಸುತ್ತು ಬಂದ್ರೆ, ಅಲ್ಲೇ ಪಕ್ಕದಲ್ಲಿ ನಂಗೂ ಒಂದು ಗುಂಡಿ ತೆಗೀಬೇಕಾಗ್ತದೆ.”

“ಮಂಡಿ ನೋವಿಗಲ್ಲ ದೊಡ್ಡಪ್ಪ. ಅಪ್ಪನೇ ಹೇಳಿದ್ರಂತೆ,” ಎಂದಳು ಹರಿತಾ. “ನಂಗೇನಾದ್ರೂ ಆದ್ರೆ ಮುರಳಿ ಕೈಲೇ ಮಾಡ್ಸು ಅಂತ. ಹೋದ ದೀಪಾವಳೀಲಿ.”

*

ರಾಮಾಂಜಿನಪ್ಪನವರಿಗೆ ಮೊದಲು ಶಿಡ್ಲಘಟ್ಟದ ಬಸ್ ನಿಲ್ದಾಣದ ಹತ್ತಿರ ಬೈಕ್ ರಿಪೇರಿ ಅಂಗಡಿ ಇತ್ತು. ಮುರಳಿ ಡಿಪ್ಲೊಮಾದಲ್ಲಿ ಎರಡು ಸಲ ಫೇಲಾಗಿ ಅಲ್ಲಿಗೆ ಸೇರಿದ್ದ. ಚಿಕ್ಕಬಳ್ಳಾಪುರದ ಬೆಟ್ಟಗಳ ಬುಡದಲ್ಲಿ ಹೊಸದಾಗಿ ಒಂದು ಸಾಹಸ ಪಾರ್ಕ್ ಶುರುವಾದಾಗ ಇಬ್ಬರೂ ಅಂಗಡಿ ಮುಚ್ಚಿ ಅಲ್ಲಿ ಕೆಲಸಕ್ಕೆ ಸೇರಿದರು. ಎಂಟು ಎಟಿವಿಗಳಿದ್ದವು. ದಪ್ಪ ಚಕ್ರದ, ಬೈಕಿನ ಹಾಗೆ ಕಾಲು ಹಾಕಿ ಕೂರುವ ನಾಲ್ಕು ಚಕ್ರದ ಗಾಡಿಗಳು. ಶನಿವಾರ ಭಾನುವಾರ ಬಂದವರು ಅವುಗಳನ್ನು ಕೆಮ್ಮಣ್ಣಿನ ದಿಬ್ಬಗಳ ಮೇಲೆ ಹತ್ತು ಹತ್ತು ನಿಮಿಷ ಓಡಿಸಿ, ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ರಾಮಾಂಜಿನಪ್ಪನವರು ಎಂಟೂ ಇಂಜಿನ್ನುಗಳ ಪಕ್ಕದಲ್ಲಿ ಬಿಳಿ ಬಣ್ಣದಿಂದ ನಂಬರ್ ಬರೆದಿದ್ದರು. ಅವುಗಳನ್ನು ನಂಬರಿನಿಂದಲೇ ಕರೆಯುತ್ತಿದ್ದರು. “ನಾಲ್ಕು ಇವತ್ತು ಸ್ವಲ್ಪ ಕೆಮ್ಮುತ್ತೆ. ಎರಡಕ್ಕೆ ದೂಳು ಜಾಸ್ತಿ ಆಗೈತೆ.” ದಿನಕ್ಕೆ ಅವರು ಆಡುತ್ತಿದ್ದ ಮಾತುಗಳಲ್ಲಿ ಮುಕ್ಕಾಲು ಪಾಲು ಇಷ್ಟೇ.

ವಾಲ್ವಿನ ವಿಷಯದಲ್ಲಿ ಅವರಿಗೆ ಒಂದೇ ನಿಯಮ. ವಾಲ್ವನ್ನು ಒತ್ತುವ ತುಂಡಿಗೂ ವಾಲ್ವಿನ ತಲೆಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಆ ಸಂದನ್ನು ಇಂಜಿನ್ ಪೂರಾ ತಣ್ಣಗಿದ್ದಾಗಲೇ ಅಳೆಯಬೇಕು. ಹಿಂದಿನ ಸಂಜೆ ನಿಲ್ಲಿಸಿದ ಗಾಡಿಯ ಮೇಲೆ ಬೆಳಿಗ್ಗೆ ಅಂಗೈ ಇಟ್ಟು, ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿದೆ ಅನ್ನಿಸಿದ ಮೇಲೆ ಮುಚ್ಚಳ ಬಿಚ್ಚುತ್ತಿದ್ದರು. ತೆಳ್ಳನೆಯ ಉಕ್ಕಿನ ಎಲೆಗಳಿದ್ದ ಫಿಲ್ಲರ್ ಗೇಜನ್ನು ಆ ಸಂದಿನಲ್ಲಿ ತೂರಿಸಿ, ಹಿಂದೆ ಮುಂದೆ ಎಳೆದು, ಬೆರಳಿಗೆ ಸಿಕ್ಕುವ ಹಿಡಿತವನ್ನು ಕಣ್ಣು ಮುಚ್ಚಿ ನೋಡುತ್ತಿದ್ದರು. ಬಿಸಿಯಲ್ಲಿ ಆ ಸಂದು ಅಗಲವಾಗಿ ಕಾಣುತ್ತದೆ. ಅದನ್ನು ನಂಬಿ ಬಿಗಿ ಮಾಡಿದರೆ, ತಣ್ಣಗಾದ ಮೇಲೆ ಸಂದೇ ಇರುವುದಿಲ್ಲ. ವಾಲ್ವು ಪೂರಾ ಮುಚ್ಚುವುದಿಲ್ಲ, ಗಾಳಿ ಸೋರುತ್ತದೆ, ಅಂಚು ಸುಡುತ್ತದೆ.

ಇದೆಲ್ಲ ಮುರಳಿಗೆ ಬಾಯಿಪಾಠವಾಗಿತ್ತು.

ಮೂರು ವರ್ಷದ ಹಿಂದೆ ಒಂದು ಶನಿವಾರ ಚಿಕ್ಕಪ್ಪ ರಜೆ ಹಾಕಿ ಚಿಕ್ಕಮ್ಮನನ್ನು ಕೈವಾರಕ್ಕೆ ಕರೆದುಕೊಂಡು ಹೋಗಿದ್ದರು. ಮಧ್ಯಾಹ್ನ ಏಳನೇ ನಂಬರ್ ಗಾಡಿ ಟಕಟಕ ಎಂದು ಬಡಿದುಕೊಳ್ಳತೊಡಗಿತು. ವಾಲ್ವನ್ನು ಒತ್ತುವ ಆ ತುಂಡು, ಟ್ಯಾಪೆಟ್, ಸಡಿಲವಾಗಿತ್ತು. ಹೊರಗೆ ನಲವತ್ತು ಜನ ಬಿಸಿಲಲ್ಲಿ ಸಾಲು ನಿಂತಿದ್ದರು. ಮ್ಯಾನೇಜರ್ ಬಂದು ಬಾಗಿಲಲ್ಲಿ ನಿಂತು, “ಎಷ್ಟೊತ್ತು?” ಎಂದು ಮೂರು ಸಲ ಕೇಳಿದ. ನಾಳೆ ಬೆಳಿಗ್ಗೆ ಎಂದು ಹೇಳಬೇಕಿತ್ತು. ಚಿಕ್ಕಪ್ಪ ಇದ್ದಿದ್ದರೆ ಆ ಎರಡು ಮಾತು ಹೇಳಿ ಕೈ ಒರೆಸಿಕೊಂಡು ಟೀ ಕುಡಿಯಲು ಹೋಗುತ್ತಿದ್ದರು. ಮುರಳಿ ಹೇಳಲಿಲ್ಲ. ಬೆರಳು ಸುಡುತ್ತಿದ್ದ ಇಂಜಿನ್ನಿನ ಮುಚ್ಚಳ ತೆಗೆದು, ಗೇಜ್ ಇಟ್ಟು, ಇಪ್ಪತ್ತು ನಿಮಿಷದಲ್ಲಿ ಸೆಟ್ ಮಾಡಿ ಹೊರಗೆ ಬಿಟ್ಟ. ಸದ್ದು ನಿಂತಿತು. ಮ್ಯಾನೇಜರ್ ಅವನ ಬೆನ್ನು ತಟ್ಟಿದ.

ಸೋಮವಾರ ಬೆಳಿಗ್ಗೆ ತಣ್ಣಗಾದ ಮೇಲೆ ಇನ್ನೊಂದು ಸಲ ನೋಡಿದರಾಯಿತು ಎಂದುಕೊಂಡಿದ್ದ. ಸೋಮವಾರ ಬೇರೆ ಕೆಲಸ ಬಂತು. ಮಂಗಳವಾರವೂ ಬಂತು. ಆಮೇಲೆ ಮರೆತುಹೋಯಿತು.

*

ಹೆಣಕ್ಕೆ ಸ್ನಾನ ಮಾಡಿಸುವಾಗ ಮುರಳಿಯೇ ನೀರು ಹೊಯ್ದ. ಉಗುರಿನ ಸಂದಿಯಲ್ಲಿ ಮಸಿ ಇತ್ತು. ಮೂರು ವರ್ಷ ಕೆಲಸವನ್ನೇ ಮುಟ್ಟದ ಕೈಯಲ್ಲಿ ಹೊಸ ಮಸಿ ಎಲ್ಲಿಂದ ಬಂತು ಎಂದು ಅವನಿಗೆ ಅನ್ನಿಸಿತಾದರೂ ಕೇಳುವ ಹೊತ್ತು ಅದಾಗಿರಲಿಲ್ಲ. ಸೀಗೆಪುಡಿ ಹಾಕಿ ಉಜ್ಜಿದ. ಹೋಗಲಿಲ್ಲ.

ಹರಿತಾ ಟವೆಲ್ ತಂದು ಕೊಟ್ಟು ಅಲ್ಲೇ ಗೋಡೆಗೆ ಒರಗಿ ನಿಂತಳು.

“ಎಷ್ಟೊತ್ತಿಗೆ ಆಯ್ತು?” ಎಂದು ಕೇಳಿದ.

“ಅಮ್ಮ ಬೆಳಿಗ್ಗೆ ಕಾಫಿ ತಗೊಂಡು ಹೋದಾಗ ಎದ್ದಿರ್ಲಿಲ್ಲ. ನಂಗೆ ಫೋನ್ ಮಾಡಿದ್ಳು. ಅಳ್ತಾ ಇರ್ಲಿಲ್ಲ. ನಾಡಿ ನೋಡಮ್ಮ, ಕತ್ತಿನ ಹತ್ರ ಎರಡು ಬೆರಳಿಡು ಅಂತ ನಾನು ಹೇಳ್ತಾನೇ ಇದೀನಿ. ‘ಮೂಗಿನ ಹತ್ರ ಎಳೆ ಹಿಡಿದು ನೋಡ್ದೆ ಕಣೇ, ಅಲ್ಲಾಡ್ಲಿಲ್ಲ’ ಅಂದ್ಳು. ಅಷ್ಟೇ.”

“ಎಳೆ?”

“ರೇಷ್ಮೆ ಎಳೆ. ಅವರಿಬ್ಬರದೂ ಏನೋ ಇತ್ತು ಹಿಂದಿನ ಕೋಣೇಲಿ. ಅಮ್ಮನ್ನೇ ಕೇಳು.” ಅವಳು ಮೂಗು ಒರೆಸಿಕೊಂಡಳು. “ಇಪ್ಪತ್ತೆಂಟು ಸಾವಿರದ ಕಿವಿ ಮೆಷಿನ್ ತಂದುಕೊಟ್ಟೆ ಅಣ್ಣ. ಒಂದು ದಿನಾನೂ ಹಾಕ್ಕೊಳ್ಲಿಲ್ಲ. ಡಬ್ಬಿ ಚೆನ್ನಾಗಿದೆ ಅಂದ್ರು.”

ಮುರಳಿ ತಂಬಿಗೆ ಕೆಳಗಿಟ್ಟ.

“ಮಡಕೆ ಹೊರ್ತೀಯ ಅಲ್ವಾ?” ಎಂದಳು. “ಅಮ್ಮ ಮತ್ತೆ ಕೇಳಿದ್ಳು.”

“ಹರಿತಾ, ನಾನು ಚಿಕ್ಕಪ್ಪನ್ನ ನೋಡೋಕೆ ವರ್ಷಕ್ಕೆರಡು ಸಲವೂ ಬರ್ತಿರ್ಲಿಲ್ಲ. ಬಂದ್ರೂ ಜಗಲಿ ಮೇಲೆ ಕೂತು ಟೀ ಕುಡಿದು ಎದ್ದು ಹೋಗ್ತಿದ್ದೆ.”

“ಗೊತ್ತು. ಅಪ್ಪನೂ ಹೇಳ್ತಿದ್ರು. ಅವನಿಗೆ ನನ್ನ ಮುಖ ನೋಡೋಕೆ ಆಗಲ್ಲ ಪಾಪ ಅಂತ.”

ಅವಳು ಒಳಗೆ ಹೋದಳು. ಮುರಳಿ ಒದ್ದೆ ಪಂಚೆಯಲ್ಲಿ ನಿಂತೇ ಇದ್ದ.

ಮುಖ ನೋಡೋಕೆ ಆಗಲ್ಲ. ಹಾಗಾದರೆ ಗೊತ್ತಿತ್ತು. ಗೊತ್ತಿದ್ದೇ, ಸಾಯುವಾಗ ತನ್ನ ಕೈಯಿಂದಲೇ ಮಾಡಿಸು ಎಂದಿದ್ದಾರೆ. ಅಂದರೆ ಇದು ಮುಗಿಯಿತು, ನನ್ನ ಕಡೆಯಿಂದ ಏನೂ ಇಲ್ಲ ಎಂದು ಅವರು ಅವರ ರೀತಿಯಲ್ಲಿ ಹೇಳಿ ಕಳಿಸಿದ್ದಾರೆ. ಮಾತಾಡದ ಮನುಷ್ಯ ಇನ್ನು ಹೇಗೆ ಹೇಳಬೇಕು?

ಅವನು ಮೀಸೆ ತೆಗೆಸಲು ಕ್ಷೌರದವನ ಮುಂದೆ ಹೋಗಿ ಕೂತ.

*

ಏಳನೇ ನಂಬರಿಗೆ ಅವತ್ತು ಬೆಳಿಗ್ಗೆ ಸೆಲ್ಫ್ ಹೊಡೆದರೆ ಇಂಜಿನ್ ಸಲೀಸಾಗಿ ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ಮುರಳಿ ಅದನ್ನು ಬಿಸಿಯಲ್ಲಿ ಸೆಟ್ ಮಾಡಿ ಎರಡು ವಾರವಾಗಿತ್ತು.

ರಾಮಾಂಜಿನಪ್ಪನವರು ಕೈಕಟ್ಟಿ ನಿಂತು ಆ ತಿರುಗುವ ರೀತಿಯನ್ನೇ ನೋಡಿದರು. “ಒಳಗೆ ಒತ್ತಡ ನಿಲ್ತಿಲ್ಲ,” ಎಂದರು. ಆಮೇಲೆ ಯಾವಾಗಲೂ ಮೊದಲು ಕೇಳುವ ಪ್ರಶ್ನೆ ಕೇಳಿದರು. “ಇದರ ವಾಲ್ವು ಹೋದ ತಿಂಗಳು ನಾನೇ ಸೆಟ್ ಮಾಡಿದ್ದೆ. ಆಮೇಲೆ ಯಾರಾದ್ರೂ ಮುಟ್ಟಿದ್ರೇನೋ?”

“ಇಲ್ಲ ಚಿಕ್ಕಪ್ಪ,” ಎಂದ ಮುರಳಿ.

ಎಷ್ಟು ಸಣ್ಣ ಮಾತು. ಹೇಳಿದ ಕೂಡಲೇ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು.

ಅವರು ಪ್ಲಗ್ ಬಿಚ್ಚಿ, ಒತ್ತಡ ಅಳೆಯುವ ಗೇಜಿನ ಮೂತಿ ಕೂರಿಸಿ, ಆಕ್ಸಿಲರೇಟರ್ ಪೂರಾ ಒತ್ತಿ ಹಿಡಿದು ಸೆಲ್ಫ್ ಹೊಡೆದರು. ಮುಳ್ಳು ಏರಬೇಕಾದಷ್ಟು ಏರಲಿಲ್ಲ. ಎಲ್ಲೋ ಸೋರುತ್ತಿತ್ತು. ಎಲ್ಲಿ ಎಂದು ತಿಳಿಯಲು ಅವರ ಹತ್ತಿರ ಒಂದು ಉಪಾಯವಿತ್ತು. ಹಳೆಯ ಪ್ಲಗ್ಗಿನ ಒಳಗನ್ನು ಒಡೆದು ತೆಗೆದು, ಅದಕ್ಕೆ ಟ್ಯೂಬಿನ ಬಾಯಿ ಬೆಸೆಸಿ ಇಟ್ಟುಕೊಂಡಿದ್ದರು. ಅದನ್ನು ಪ್ಲಗ್ಗಿನ ಜಾಗಕ್ಕೆ ಹಾಕಿ, ಪಿಸ್ಟನ್ನನ್ನು ಎರಡೂ ವಾಲ್ವು ಮುಚ್ಚಿರುವ ಹಾಗೆ ಮೇಲಕ್ಕೆ ತಂದು ನಿಲ್ಲಿಸಿ, ಗಾಳಿ ತುಂಬುತ್ತಿದ್ದರು. ಆಮೇಲೆ ಕಿವಿ ಇಡುವುದು. ಸೈಲೆನ್ಸರ್ ಬಾಯಲ್ಲಿ ಸುಯ್ ಎಂದರೆ ಹೊಗೆ ಹೊರಗೆ ಹೋಗುವ ವಾಲ್ವು ಸೋರುತ್ತಿದೆ. ಕಾರ್ಬುರೇಟರ್ ಕಡೆ ಎಂದರೆ ಒಳಗೆ ಎಳೆದುಕೊಳ್ಳುವ ವಾಲ್ವು. ಆಯಿಲ್ ಹಾಕುವ ಬಾಯಲ್ಲಿ ಎಂದರೆ ರಿಂಗ್ ಸವೆದಿದೆ.

ಮುರಳಿ ಪಂಪ್ ತುಳಿದ. ರಾಮಾಂಜಿನಪ್ಪನವರು ಮಂಡಿಯೂರಿ ಸೈಲೆನ್ಸರಿಗೆ ಕಿವಿ ಕೊಟ್ಟರು.

ಮೂರು ಅಡಿ ದೂರದಲ್ಲಿ ನಿಂತಿದ್ದ ಮುರಳಿಗೆ ಕೇಳಿಸಿತು. ಸಣ್ಣಗೆ, ತಡೆಯಿಲ್ಲದೆ, ಸುಯ್ ಎಂದು.

ಚಿಕ್ಕಪ್ಪ ಕಣ್ಣು ಮುಚ್ಚಿ ಇನ್ನೂ ಕೇಳುತ್ತಿದ್ದರು. ಕತ್ತು ಸ್ವಲ್ಪ ತಿರುಗಿಸಿ ಇನ್ನೊಂದು ಕಿವಿ ಕೊಟ್ಟರು. ಮುರಳಿಗೆ ಆಗ ಗೊತ್ತಾಯಿತು. ಹಿಂದಿನ ಕೆಲವು ತಿಂಗಳಿಂದ ಅವರು ಮಾತಿಗೆ ಉತ್ತರ ಕೊಡದೆ ಹೋಗುತ್ತಿದ್ದುದು, ತಾನು ಕೂಗಿದಾಗ ತಿರುಗದೆ ಇದ್ದುದು, ಅದು ಮೌನವಲ್ಲ. ಈಗ ಬಾಯಿ ತೆರೆದರೆ ಎರಡು ವಿಷಯ ಹೊರಗೆ ಬರುತ್ತವೆ. ನಿಮಗೆ ಕೇಳಿಸುತ್ತಿಲ್ಲ ಎಂಬುದು ಒಂದು. ವಾಲ್ವು ಬಿಚ್ಚಿ ನೋಡಿದರೆ ಯಾರು ಮುಟ್ಟಿದ್ದು ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳಬಾರದೆಂದು ತಾನು ಸುಮ್ಮನಿದ್ದೆ ಎಂದು ಅವನು ಆಮೇಲೆ ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡ.

ರಾಮಾಂಜಿನಪ್ಪನವರು ಎದ್ದು ಮಂಡಿಯ ಮಣ್ಣು ಕೊಡವಿದರು. “ವಾಲ್ವು ಸರಿ ಐತೆ. ರಿಂಗು ಸ್ವಲ್ಪ ಸವೆದಿರಬೇಕು. ಸೀಸನ್ ಮುಗಿದ ಮೇಲೆ ಬಿಚ್ಚಣ,” ಎಂದರು. ಹೇಗೋ ಹತ್ತಿಸಿ ಗಾಡಿಯನ್ನು ಹೊರಗೆ ಬಿಟ್ಟರು.

ಅವತ್ತು ಮಧ್ಯಾಹ್ನ ಏಳನೇ ನಂಬರ್ ದಿಬ್ಬದ ಮುಕ್ಕಾಲು ಹತ್ತಿ, ಶಕ್ತಿ ಸಾಲದೆ ನಿಂತು, ಹಿಂದಕ್ಕೆ ಉರುಳಿತು. ಓಡಿಸುತ್ತಿದ್ದ ಹುಡುಗಿಯ ಕಾಲು ಮುರಿಯಿತು. ಹೊರಗಿಂದ ಬಂದ ಇನ್ನೊಬ್ಬ ಮೆಕ್ಯಾನಿಕ್ ಮತ್ತೆ ಗಾಳಿ ತುಂಬಿ ನೋಡಿ, “ಇದು ಆಚೆ ರಸ್ತೆಗೇ ಕೇಳುತ್ತಲ್ರೀ,” ಎಂದ. ಮ್ಯಾನೇಜರ್ ರಾಮಾಂಜಿನಪ್ಪನವರನ್ನು ನೋಡಿದ. ಅವರಿಗೆ ಆ ಮಾತೂ ಸರಿಯಾಗಿ ಕೇಳಿಸಿರಲಿಲ್ಲ. “ಏನಂದ್ರು?” ಎಂದು ಮುರಳಿಯನ್ನು ಕೇಳಿದರು. ಎಲ್ಲರಿಗೂ ಎಲ್ಲವೂ ಅಷ್ಟರಲ್ಲಿ ತಿಳಿದುಹೋಯಿತು.

ಮಾರನೆಯ ದಿನ ಅವರು ತಮ್ಮ ಸಾಮಾನು ಒಂದು ಚೀಲಕ್ಕೆ ಹಾಕಿಕೊಂಡರು. ಫಿಲ್ಲರ್ ಗೇಜನ್ನು ಮಾತ್ರ ಮುರಳಿಯ ಕೈಗೆ ಕೊಟ್ಟರು. ಮುಖ ನೋಡಿದರು. “ತಣ್ಣಗಾದ ಮೇಲೆ ನೋಡಪ್ಪ,” ಎಂದರು. ಮುಂದಿನ ವಾರದಿಂದ ಮುರಳಿ ಹೆಡ್ ಮೆಕ್ಯಾನಿಕ್.

*

ಹಿಪ್ಪುನೇರಳೆ ತೋಟದ ಬದುವಿನ ಪಕ್ಕದಲ್ಲಿ ಗುಂಡಿ ತೆಗೆದಿದ್ದರು. ಸೊಪ್ಪು ಕೊಯ್ದು ಎರಡು ದಿನವಾಗಿದ್ದ ಗಿಡಗಳು ಬರೀ ಕಡ್ಡಿಗಳಾಗಿ ಸಾಲು ನಿಂತಿದ್ದವು. ತಮಟೆಯವರು ಬಿಸಿಲಿಗೆ ಸುಸ್ತಾಗಿ ಬೇವಿನ ಮರದ ಕೆಳಗೆ ಕೂತಿದ್ದರು.

ಮುರಳಿ ಒದ್ದೆ ಬಟ್ಟೆಯಲ್ಲಿ ನೀರು ತುಂಬಿದ ಮಡಕೆಯನ್ನು ಎಡ ಹೆಗಲ ಮೇಲೆ ಹೊತ್ತ. ವೆಂಕಟರವಣಪ್ಪ ಕುಡುಗೋಲು ಹಿಡಿದು ಹಿಂದೆ ಬಂದರು. ಮೊದಲ ಸುತ್ತಿಗೆ ಮಡಕೆಗೆ ಒಂದು ತೂತು ಮಾಡಿದರು. ನೀರು ಅವನ ಬೆನ್ನ ಮೇಲೆ ಸುರಿಯತೊಡಗಿತು. ಎರಡನೇ ಸುತ್ತಿಗೆ ಇನ್ನೊಂದು ತೂತು.

“ನಿಧಾನ ಕಣಪ್ಪ,” ಎಂದರು ಅವರು ಹಿಂದಿನಿಂದ. ಬೆಳಿಗ್ಗೆಯಿಂದ ಎಲ್ಲರನ್ನೂ ರೇಗಿಸಿದ ದನಿ ಈಗ ಒಡೆದುಹೋಗಿತ್ತು. “ಅವನಿಗೆ ಅವಸರ ಮಾಡಿದ್ರೆ ಆಗ್ತಿರ್ಲಿಲ್ಲ.”

ಮುರಳಿ ಹೆಜ್ಜೆ ನಿಧಾನ ಮಾಡಿದ. ಅವನಿಗೆ ವಿಚಿತ್ರವಾಗಿ ಹಗುರವೆನಿಸುತ್ತಿತ್ತು. ಮೂರನೇ ಸುತ್ತು ಮುಗಿಸಿ, ಹಿಂದಿರುಗಿ ನೋಡದೆ ಮಡಕೆಯನ್ನು ಬೆನ್ನ ಹಿಂದಕ್ಕೆ ಬಿಟ್ಟ. ಅದು ಒಡೆದ ಸದ್ದು ಕೇಳಿಸಿತು. ಮೂರು ಹಿಡಿ ಮಣ್ಣು ಹಾಕಿದ. ನರಸಿಂಹಪ್ಪ ಹಾಕಿದ, ಹರಿತಾ ಹಾಕಿದಳು, ಊರವರೆಲ್ಲ ಹಾಕಿದರು. ಆದಿಲಕ್ಷ್ಮಮ್ಮ ಹಾಕುವಾಗ ಮಣ್ಣಿನಲ್ಲಿದ್ದ ಒಂದು ಸಣ್ಣ ಕಲ್ಲನ್ನು ಆರಿಸಿ ತೆಗೆದು ಪಕ್ಕಕ್ಕಿಟ್ಟರು.

*

ಮನೆಗೆ ಬಂದು ಎಲ್ಲರೂ ಸ್ನಾನ ಮಾಡಿ, ರಾಮಾಂಜಿನಪ್ಪನವರನ್ನು ಮಲಗಿಸಿದ್ದ ಜಾಗದ ದೀಪ ನೋಡಿ, ಊಟ ಮಾಡಿ, ಒಬ್ಬೊಬ್ಬರಾಗಿ ಹೊರಟುಹೋದರು. ಬಿಸಿಲು ಇಳಿಯುತ್ತಿತ್ತು. ಮುರಳಿ ಜಗಲಿಯ ಮೇಲೆ ಕೂತಿದ್ದಾಗ ಒಳಗಿಂದ ಚಿಕ್ಕಮ್ಮ ಕರೆದರು.

“ಬಾರಪ್ಪ ಇಲ್ಲಿ. ನಿಂಗೊಂದು ಸಾಮಾನು ಐತೆ, ತಗೊಂಡ್ಹೋಗು.”

ಮನೆಯ ಹಿಂದೆ ಮೊದಲು ರೇಷ್ಮೆ ಹುಳು ಸಾಕುತ್ತಿದ್ದ ಕೋಣೆ. ಹುಳುವಿನ ತಟ್ಟೆಗಳನ್ನು ಒಂದು ಮೂಲೆಗೆ ಒಟ್ಟಿದ್ದರು. ನಡುವೆ ಒಂದು ಮರದ ದಿಮ್ಮಿ. ಅದಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದ ಒಂದು ಇಂಜಿನ್. ಮೋಟು ಸೈಲೆನ್ಸರ್, ಪಕ್ಕದಲ್ಲಿ ಕಾಲಲ್ಲಿ ತುಳಿಯುವ ಪಂಪ್, ಆ ಹಳೇ ಪ್ಲಗ್ಗು. ಇಂಜಿನ್ನಿನ ಪಕ್ಕದಲ್ಲಿ ಬಿಳಿ ಬಣ್ಣದ ಏಳು.

ಮುರಳಿ ಹೊಸಿಲಲ್ಲೇ ನಿಂತ.

“ಇದೆಲ್ಲಿ ಸಿಕ್ತು ಚಿಕ್ಕಮ್ಮ?”

“ಶಿಡ್ಲಘಟ್ಟದ ಗುಜರಿ ಅಂಗಡೀಲಿ. ಗಾಡಿ ಬಗ್ಗಿಹೋಗಿತ್ತಲ್ಲ, ನಿಮ್ಮ ಪಾರ್ಕಿನೋರು ಹಾಕ್ಬಿಟ್ಟಿದ್ರಂತೆ. ಆಟೋದಲ್ಲಿ ಹೇರ್ಕೊಂಡು ಬಂದ್ರು. ಚಕ್ರ ಇಲ್ಲ ಸೀಟಿಲ್ಲ, ಇದನ್ನ ಏನ್ಮಾಡ್ತೀರಾ ಅಂತ ಬೈದೆ. ಕಿವಿಗೆ ಪಾಠ ಹೇಳ್ಬೇಕು ಅಂದ್ರು.” ಆದಿಲಕ್ಷ್ಮಮ್ಮ ತಟ್ಟೆಯೊಂದನ್ನು ಬೋರಲು ಹಾಕಿ ಕೂತರು. ಇಪ್ಪತ್ತೈದು ವರ್ಷ ನೂಲು ತೆಗೆಯುವ ಕೆಲಸ ಮಾಡಿ, ಬಿಸಿನೀರಲ್ಲಿ ಬೆಂದು ಬೆಳ್ಳಗಾದ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡರು. “ಒಳಗೆ ಆ ಸುಟ್ಟುಹೋದ ವಾಲ್ವು ಹಂಗೇ ಐತಂತೆ. ತೆಗೀಲಿಲ್ಲ. ಕೆಟ್ಟಿರೋದು ಕೇಳಿಸ್ಬೇಕಲ್ಲ, ಅದಕ್ಕೆ.”

“ದಿನಾ ಮಾಡ್ತಿದ್ರಾ?”

“ದಿನಾ ಬೆಳಿಗ್ಗೆ. ಪಂಪ್ ತುಳಿಯೋರು, ಕಿವಿ ಇಡೋರು, ಏನೂ ಇಲ್ವಲ್ಲ ಅನ್ನೋರು. ನಾನು ಬಾಗ್ಲಲ್ಲಿ ಕಸ ಗುಡಿಸ್ತಾ ಇದ್ರೆ ಅಲ್ಲಿಗೇ ಕೇಳ್ಸೋದು ನಂಗೆ. ಹೇಳ್ಲೋ ಬೇಡ್ವೋ, ಮನಸ್ಸಿಗೆ ಹಚ್ಕೊಂಡ್ರೆ ಏನ್ಮಾಡ್ಲಿ ಅಂತ ನಾಕು ದಿನ ಬಾಯಿ ಮುಚ್ಕೊಂಡಿದ್ದೆ. ಐದನೇ ದಿನ ತಡ್ಕೊಳೋಕಾಗ್ಲಿಲ್ಲ. ಸುಯ್ ಅಂತೈತಲ್ರೀ, ಅಷ್ಟು ಜೋರಾಗಿ, ಅಂದ್ಬಿಟ್ಟೆ.”

“ಏನಂದ್ರು?”

“ನಕ್ಬಿಟ್ರು.” ಅವರ ಮುಖದಲ್ಲೂ ಆ ನಗು ಒಂದು ಕ್ಷಣ ಬಂದು ಹೋಯಿತು. “ಅವತ್ತು ನಿನ್ನ ಕರ್ಕೊಂಡು ಹೋಗ್ಬೇಕಿತ್ತು ಕಣೇ, ಆ ಹುಡುಗಿ ಕಾಲು ಉಳೀತಿತ್ತು ಅಂದ್ರು. ಆ ಹುಡುಗಿ ಅವರ ತಲೇಲಿ ಕೂತ್ಬಿಟ್ಟಿದ್ಳು. ಆಮೇಲೆ ನಾನೇ ಒಂದೆಳೆ ರೇಷ್ಮೆ ತಂದುಕೊಟ್ಟೆ. ಕಿವಿಗೆ ಕೇಳ್ದಿದ್ರೆ ಹೋಗ್ಲಿ, ಕಣ್ಣಿಗೆ ಕಾಣುತ್ತೆ ನೋಡಿ ಅಂತ. ಒಂದೇ ಎಳೆ, ಉಸಿರು ಬಿಟ್ರೆ ಹಾರ್ತದೆ. ಅದನ್ನ ಸೈಲೆನ್ಸರ್ ಬಾಯಿಗೆ ಹಿಡಿದು, ಎದ್ದಿದ್ದು ನೋಡಿ, ಚಿಕ್ಕ ಮಗು ಹಂಗೆ ಮಾಡಿದ್ರು.”

ಮುರಳಿ ಇಂಜಿನ್ನಿನ ಮೇಲೆ ಅಂಗೈ ಇಟ್ಟ. ಅದು ತಣ್ಣಗಿತ್ತು.

“ಒಂದು ದಿನ ನಾನೇ ಕೇಳ್ದೆ,” ಎಂದರು ಆದಿಲಕ್ಷ್ಮಮ್ಮ. “ಅವತ್ತು ಮುರಳಿ ಪಕ್ಕದಲ್ಲೇ ಇದ್ನಲ್ಲ, ಅವನಿಗೆ ಕೇಳಿಸಿರ್ಲಿಲ್ವಾ ಅಂತ.”

ಹೊರಗೆ ನರಸಿಂಹಪ್ಪ ಹಸುವಿಗೆ ಏನೋ ಬೈಯುತ್ತಿದ್ದ. ಮುರಳಿ ಆ ಬೈಗುಳ ಮುಗಿಯುವವರೆಗೂ ಕಾದ.

“ಅದಕ್ಕೇನಂದ್ರು?”

“‘ಕೇಳಿಸಿದ್ರೆ ಅವನು ಹೇಳ್ದೆ ಇರ್ತಿದ್ನೇನೇ’ ಅಂದ್ರು. ಅವನು ದೂರ ನಿಂತಿದ್ದ, ಕಿವಿ ಇಟ್ಟೋನು ನಾನು, ತಪ್ಪು ನಂದೇ ಅಂತ. ನೀನು ಮನೆ ಕಡೆ ಬರ್ದೆ ಇದ್ದಿದ್ದಕ್ಕೂ ಅದನ್ನೇ ಹೇಳೋರು. ನನ್ನ ಜಾಗ ಅವನಿಗೆ ಸಿಕ್ತಲ್ಲ, ಅದಕ್ಕೆ ನಾಚ್ಕೋತಾನೆ ಪಾಪ ಅಂತ.”

ಮುರಳಿ ಬೋಳಾದ ಮೇಲ್ತುಟಿಯನ್ನು ಬೆರಳಿನಿಂದ ಸವರಿಕೊಂಡ.

ಆದಿಲಕ್ಷ್ಮಮ್ಮ ಗೋಡೆಯ ಗೂಡಿನಲ್ಲಿದ್ದ ಒಂದು ನೀಲಿ ಡಬ್ಬಿ ತೆಗೆದರು. ಹರಿತಾ ತಂದುಕೊಟ್ಟಿದ್ದ ಕಿವಿ ಮೆಷಿನ್ನಿನ ಡಬ್ಬಿ. ಅದರೊಳಗೆ ಮೆಷಿನ್ ಒಂದು ಕಡೆ, ಇನ್ನೊಂದು ಕಡೆ ಕಾಗದಕ್ಕೆ ಸುತ್ತಿದ ರೇಷ್ಮೆ. ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒಂದೆಳೆಯನ್ನು ಬಿಡಿಸಿಕೊಂಡರು. ಬೆಳಕಿಗೆ ಹಿಡಿದರೆ ಮಾತ್ರ ಅದು ಕಾಣುತ್ತಿತ್ತು.

“ಇವತ್ತು ಬೆಳಿಗ್ಗೆ ಆಗ್ಲಿಲ್ಲ,” ಎಂದರು. “ಒಂದ್ಸಲ ತುಳಿ, ನೋಡಣ. ಆಮೇಲೆ ನೀನೇ ತಗೊಂಡ್ಹೋಗು.”

ಮುರಳಿ ಪ್ಲಗ್ ಹಾಕಿ, ಪಂಪಿನ ಮೇಲೆ ಕಾಲಿಟ್ಟು ತುಳಿದ. ಚಿಕ್ಕಮ್ಮ ಸೈಲೆನ್ಸರಿನ ಬಾಯಿಗೆ ಎಳೆ ಹಿಡಿದರು. ಮೊದಲು ಅದು ನೇರವಾಗಿ ಇಳಿಬಿದ್ದಿತ್ತು. ಆಮೇಲೆ ತುದಿ ಅಲುಗಿತು, ಮೆಲ್ಲಗೆ ಎದ್ದಿತು, ಅಡ್ಡಲಾಗಿ ನಿಂತು ನಡುಗತೊಡಗಿತು. ಬಾಗಿಲಿಂದ ಬಂದ ಇಳಿಬಿಸಿಲಲ್ಲಿ ಅದು ಉದ್ದಕ್ಕೂ ಹೊಳೆಯಿತು.

“ಕೇಳಿಸ್ತೈತೇನಪ್ಪ?” ಎಂದರು ಅವರು, ಎಳೆಯ ಮೇಲಿಂದ ಕಣ್ಣು ತೆಗೆಯದೆ.

“ಕೇಳಿಸ್ತೈತೆ ಚಿಕ್ಕಮ್ಮ.”

ಅವತ್ತೂ ತನಗೆ ಕೇಳಿಸಿತ್ತು ಎಂದು ಅವನು ಹೇಳಲಿಲ್ಲ.